"ತಿಳೀತೇನು?" ಅಂತ ಕೇಳುವುದನ್ನು ಬಿಡಿಸಿ: ಶಿಕ್ಷಕರ ತರಬೇತಿ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಗೆ,
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಬಿ.ಇಡಿ., ಡಿ.ಎಲ್.ಇಡಿ. ಕಾಲೇಜುಗಳ ಪ್ರಾಚಾರ್ಯರು ಮತ್ತು ಉಪನ್ಯಾಸಕರಿಗೆ

ಪ್ರತಿ: ಈ ವರ್ಷ ತರಬೇತಿಗೆ ಶಾಲೆಗೆ ಬರುವ ಹುಡುಗ ಹುಡುಗಿಯರಿಗೆ, ಹೊಸದಾಗಿ ಕೆಲಸಕ್ಕೆ ಹಾಜರಾಗುವ ಮಾಸ್ತರರಿಗೆ, ಅಕ್ಕೋರಿಗೆ

ಮಾನ್ಯರೇ,

ನಮಸ್ಕಾರ. ನಾನು ಚಿಂಚೋಳಿ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ವರ್ಷಾ ವರ್ಷ ನಿಮ್ಮಂಥ ಕಾಲೇಜುಗಳಿಂದ ತರಬೇತಿ ಶಿಕ್ಷಕರು ನಮ್ಮಲ್ಲಿಗೆ ಬರುತ್ತಾರೆ. ಬಿ.ಇಡಿ.ಯವರು 6, 7, 8ನೇ ತರಗತಿ ತಗೊಳ್ತಾರೆ, ಡಿ.ಎಲ್.ಇಡಿ.ಯವರು ಕೆಳಗಿನ ತರಗತಿಗಳನ್ನು. ಒಳ್ಳೆಯ ಮಕ್ಕಳು. ಇಸ್ತ್ರಿ ಮಾಡಿದ ಬಟ್ಟೆ, ಕೈಯಲ್ಲಿ ಸುತ್ತಿದ ಚಾರ್ಟು, ಬಗಲಲ್ಲಿ ಫೈಲು. ಮಧ್ಯಾಹ್ನ ಬಿಸಿಯೂಟ ಬಡಿಸೋಕೂ ನಿಲ್ಲುತ್ತಾರೆ, ಮಕ್ಕಳ ಜೊತೆ ಕಬಡ್ಡಿಗೂ ಇಳಿಯುತ್ತಾರೆ. ಅವರ ಮೇಲೆ ನನ್ನದೇನೂ ದೂರಿಲ್ಲ. ನೀವು ಅವರಿಗೆ ಕಲಿಸುವ ಒಂದು ವಿಷಯದ ಬಗ್ಗೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಕಲಿಸದೇ ಬಿಡುವ ಒಂದು ವಿಷಯದ ಬಗ್ಗೆ ಈ ಪತ್ರ.

ಮೇ ತಿಂಗಳು ಬಂತೆಂದರೆ ನಮ್ಮ ಕಡೆಯವರಿಗೆ ಪೇಪರ್ ಬಿಚ್ಚೋಕೆ ಸಂಕೋಚ. ಎಸ್ಸೆಸ್ಸೆಲ್ಸಿ ಜಿಲ್ಲಾವಾರು ಪಟ್ಟಿಯನ್ನು ನಾವು ಕೆಳಗಿನಿಂದ ಓದುತ್ತೇವೆ. 2024ರಲ್ಲಿ ಕಡೇ ಸ್ಥಾನ ಯಾದಗಿರಿಗೆ, 2025ರಲ್ಲಿ ಕಲಬುರಗಿಗೆ. ಅದಾದ ಮೇಲೆ ಸಭೆಗಳು, ವಿಶೇಷ ತರಗತಿಗಳು, ಪಾಸಿಂಗ್ ಪ್ಯಾಕೇಜು, ಬೆಳಗಿನ ಜಾವ ಮಕ್ಕಳನ್ನು ಎಬ್ಬಿಸುವ ಫೋನು. ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ಹತ್ತನೇ ತರಗತಿಯಲ್ಲಿ ಗಣಿತ ಬಿಟ್ಟುಕೊಟ್ಟ ಹುಡುಗ ಹತ್ತರಲ್ಲೇ ಬಿಟ್ಟುಕೊಟ್ಟವನಲ್ಲ. ಮೂರನೇ ತರಗತಿಯಲ್ಲಿ, ಇಲ್ಲವೇ ನಾಲ್ಕರಲ್ಲಿ, ಒಂದು ದಿನ ಅವನಿಗೆ ಏನೋ ಅರ್ಥವಾಗಿರಲಿಲ್ಲ. ಅದು ಅವನ ಮಾಸ್ತರರಿಗೆ ಗೊತ್ತಾಗಲಿಲ್ಲ. ಪಾಠ ಮುಂದೆ ಹೋಯಿತು.

ಹೊಸ ಶಿಕ್ಷಕರ ಪಾಠ ನಡೆಯೋದು ಹೀಗೆ. ಹತ್ತು ನಿಮಿಷ ವಿವರಣೆ. ಆಮೇಲೆ ಮಕ್ಕಳ ಕಡೆ ತಿರುಗಿ, "ಎಲ್ಲರಿಗೂ ತಿಳೀತೇನು?" ಇಡೀ ತರಗತಿ ಒಂದೇ ದನಿಯಲ್ಲಿ, "ಹೂಂ ರೀ ಸರ್!" ಮಾಸ್ತರರ ಮುಖ ಅರಳುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ನೋಡುವ ನಿಮ್ಮ ಉಪನ್ಯಾಸಕರು ಫೈಲಿನಲ್ಲಿ "ತರಗತಿ ಸ್ಪಂದನೆ ಉತ್ತಮ" ಅಂತ ಬರೆಯುತ್ತಾರೆ. ನಮ್ಮ ಕಡೆ ಮಕ್ಕಳು ದೊಡ್ಡವರು ಕೇಳಿದರೆ "ಇಲ್ಲ" ಅನ್ನೋದಿಲ್ಲ. ಅದು ಮರ್ಯಾದೆ ಅಂತ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಆ "ಹೂಂ" ಸುಮ್ನೆ ಮರ್ಯಾದೆಯ ಹೂಂ. ಅದರಿಂದ ಪಾಠದ ಬಗ್ಗೆ ಏನೂ ಗೊತ್ತಾಗೋದಿಲ್ಲ.

ರೊಟ್ಟಿ ಬೆಂದಿದೆಯೋ ಇಲ್ಲವೋ ಅಂತ ಅದು ಹಂಚಿನ ಮೇಲಿರುವಾಗ ನೋಡಬೇಕು, ಬುಟ್ಟಿಗೆ ಹಾಕಿದ ಮೇಲಲ್ಲ. ಪಾಠವೂ ಅಷ್ಟೇ. ಗಂಟೆ ಹೊಡೆಯುವ ಮೊದಲೇ ಯಾರಿಗೆ ಅರ್ಥವಾಗಿಲ್ಲ, ಎಲ್ಲಿ ಸಿಕ್ಕಿಬಿದ್ದಿದ್ದಾರೆ ಅಂತ ನೋಡಬೇಕು. ಹೊಸಬರಿಗೆ ಬೇರೆಲ್ಲದಕ್ಕಿಂತ ಮೊದಲು ಬೇಕಾದ್ದು ಈ ಕೆಲಸ. ನಿಮ್ಮ ಪಾಠ ಯೋಜನೆಯಲ್ಲಿ ಇದಕ್ಕೆ "ಮೌಲ್ಯಮಾಪನ" ಅಂತ ಒಂದು ಕಂಬಸಾಲು ಇದೆ, ಗೊತ್ತು. ಪಾಠ ಯೋಜನೆಗೆ ಜರ್ಮನಿಯ ಹರ್ಬಾರ್ಟನ ಐದು ಹೆಜ್ಜೆಗಳು ಹೋಗಿ, ಇಂಗ್ಲಿಷಿನ 'ಇ' ಅಕ್ಷರದಿಂದ ಶುರುವಾಗುವ ಐದು ಹಂತಗಳ 5ಇ ಬಂತು, ಅದರಲ್ಲೂ ಕಡೇ ಮನೆ ಮೌಲ್ಯಮಾಪನದ್ದೇ. ತೊಂದರೆ ಏನೆಂದರೆ ಆ ಸಾಲನ್ನು ಹುಡುಗರು ಹಿಂದಿನ ರಾತ್ರಿಯೇ ತುಂಬಿಕೊಂಡು ಬಂದಿರುತ್ತಾರೆ.

ಒಂದು ಉದಾಹರಣೆ ಹೇಳ್ತೀನಿ, ಸ್ವಲ್ಪ ವಿವರವಾಗಿಯೇ.

ಮಕ್ಕಳಿಗೆ "ನೂರಾ ಮೂರು ಬರೀರಿ" ಅನ್ನಿ. ಬಾಯಲ್ಲಿ ಹೇಳಿಸಬೇಡಿ, ಪಾಟಿ (ಸ್ಲೇಟು) ಮೇಲೆ ಬರೆಸಿ. ಎಲ್ಲರೂ ಬರೆಯುವ ತನಕ ಯಾರೂ ಪಾಟಿ ಎತ್ತಬಾರದು. ಆಮೇಲೆ "ಪಾಟಿ ಮ್ಯಾಲೆ!" ಅಂದಾಗ ಎಲ್ಲರೂ ಒಟ್ಟಿಗೆ ಎತ್ತಬೇಕು. ನಾಲ್ಕನೇ ತರಗತಿಯಲ್ಲೂ ಕೆಲವು ಪಾಟಿಗಳ ಮೇಲೆ 1003 ಕಾಣಿಸುತ್ತದೆ. ಇದು ದಡ್ಡತನ ಅಲ್ಲ. ಮಗು ಕಿವಿಗೆ ಕೇಳಿದ್ದನ್ನು ಬರೆದಿದೆ. ಮೊದಲು ನೂರು ಕೇಳಿತು, 100 ಬರೆಯಿತು. ಆಮೇಲೆ ಮೂರು ಕೇಳಿತು, 3 ಬರೆಯಿತು. ಅದರ ಲೆಕ್ಕದಲ್ಲಿ ಎಲ್ಲಾ ಸರಿ ಇದೆ. ಬೋರ್ಡಿನ ಮೇಲೆ 103 ಅಂತ ದೊಡ್ಡದಾಗಿ ಬರೆದು ಮೂರು ಸಲ ಕೂಗಿಸಿದರೆ ಆ ಮಗು 103 ಅನ್ನೋದನ್ನು ನೆನಪಿಟ್ಟುಕೊಳ್ಳುತ್ತದೆ. ನಾಳೆ ನೂರಾ ಏಳು ಕೇಳಿದರೆ ಮತ್ತೆ 1007.

ಅದಕ್ಕೆ ನಾವು ಮಾಡೋದು ಇಷ್ಟು. ಹಳೆಯ ಲಗ್ನಪತ್ರಿಕೆಗಳು ಊರಲ್ಲಿ ಬೇಕಾದಷ್ಟು ಸಿಗುತ್ತವೆ, ಹಿಂಬದಿ ಖಾಲಿ ಇರುತ್ತದೆ. ಉದ್ದದ ಪಟ್ಟಿ ಕತ್ತರಿಸಿ ಅದರ ಮೇಲೆ 100. ಅದರ ಮೂರನೇ ಒಂದು ಪಾಲಿನಷ್ಟು ಚಿಕ್ಕ ತುಂಡಿನ ಮೇಲೆ 3. ಈ ಮೂರನ್ನು ನೂರರ ಕಡೇ ಸೊನ್ನೆಯ ಮೇಲೆ ಇಡು ಅಂತ ಮಗುವಿನ ಕೈಗೇ ಕೊಡಬೇಕು. ಇಟ್ಟಾಗ 103 ಕಾಣುತ್ತದೆ. ತೆಗೆದರೆ ಕೆಳಗೆ ಸೊನ್ನೆ ಇನ್ನೂ ಇದೆ. ನೂರು ಎಲ್ಲಿಗೂ ಹೋಗಿಲ್ಲ, ಮೂರು ಬಂದು ಸೊನ್ನೆಯ ಜಾಗದಲ್ಲಿ ಕೂತಿದೆ. ನಾಲ್ಕಾರು ಸಲ ಇಟ್ಟು ತೆಗೆದ ಮೇಲೆ 40 ಮತ್ತು 3 ಕೊಟ್ಟು ನೋಡಿ, ಮಗು ತಾನೇ ಜೋಡಿಸಿ ತೋರಿಸುತ್ತದೆ. ಇದಕ್ಕೆ ಚಾರ್ಟು ಬೇಡ, ಥರ್ಮೋಕೋಲ್ ಬೇಡ, ಪ್ರೊಜೆಕ್ಟರ್ ಅಂತೂ ಬೇಡವೇ ಬೇಡ.

ಇನ್ನೊಂದು, ಕಳೆಯುವ ಲೆಕ್ಕ. 52ರಲ್ಲಿ 27 ಕಳೆ ಅಂದರೆ 35 ಬರೆಯುವ ಮಕ್ಕಳು ಆರನೇ ತರಗತಿಯಲ್ಲೂ ಸಿಗುತ್ತಾರೆ. ಹೊಸ ಮಾಸ್ತರರು ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, ಪಕ್ಕದಲ್ಲಿ 25 ಬರೆದು ಕೊಡುತ್ತಾರೆ. ಮಗು ಅದನ್ನು ಅಂದವಾಗಿ ಕಾಪಿ ಮಾಡುತ್ತದೆ. ಅಲ್ಲಿಗೆ ತಿದ್ದುವ ಕೆಲಸ ಮುಗೀತು, ಕಲಿಯುವ ಕೆಲಸ ಶುರುವೇ ಆಗಲಿಲ್ಲ. ತಪ್ಪು ಹಾಕುವ ಮೊದಲು ಒಂದು ಮಾತು ಕೇಳಿ: "ಹ್ಯಾಂಗ ಮಾಡಿದಿ, ನನಗ ಹೇಳು." ಮಗು ಹೇಳುತ್ತದೆ: "ಏಳರಾಗ ಎರಡು ಹೋದ್ರ ಐದು, ಐದರಾಗ ಎರಡು ಹೋದ್ರ ಮೂರು." ಈಗ ಗೊತ್ತಾಯಿತು. ಅದಕ್ಕೆ ಕಳೆಯೋದು ಬರುತ್ತದೆ. ಯಾವುದರಿಂದ ಯಾವುದನ್ನು ಕಳೀಬೇಕು ಅನ್ನೋದು ಗೊತ್ತಿಲ್ಲ, ಕಣ್ಣಿಗೆ ದೊಡ್ಡದು ಕಂಡದ್ದರಿಂದ ಚಿಕ್ಕದನ್ನು ಕಳೆಯುತ್ತಿದೆ.

ತೊಗರಿಯ ನಾಡಿನವರು ನಾವು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗೂ ಬಂತು. ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ ಹೊಲದ ತುಂಬಾ ಬಿದ್ದಿರುತ್ತದೆ. ತೆಳ್ಳಗಿನ ಕಡ್ಡಿಗಳನ್ನು ಗೇಣುದ್ದ ಮುರಿಸಿ, ಹತ್ತತ್ತು ಕಡ್ಡಿಯ ಕಟ್ಟು ಕಟ್ಟಿಸಿ. ಕಟ್ಟೋದೂ ಮಕ್ಕಳೇ, ಎಣಿಸೋದೂ ಮಕ್ಕಳೇ. 52 ಅಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಬಿಡಿ ಕಡ್ಡಿ ಕೊಡು ಅಂದಾಗ ಮಗು ಎರಡು ಹಿಡಿದು ನಿಮ್ಮ ಮುಖ ನೋಡುತ್ತದೆ. ನೀವು ಬಾಯಿ ಬಿಡಬೇಡಿ. ಕಷ್ಟ ಆಗುತ್ತದೆ, ಆದರೂ ಬಿಡಬೇಡಿ. ಸ್ವಲ್ಪ ಹೊತ್ತಿಗೆ ಪಕ್ಕದವಳು ಯಾರೋ "ಏ, ಕಟ್ಟು ಬಿಚ್ಚೋ!" ಅಂತಾಳೆ. ಬಿಚ್ಚಿದರೆ ಹನ್ನೆರಡು. ಏಳು ಕೊಟ್ಟರೆ ಐದು ಉಳೀತು. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಕೊಟ್ಟರೆ ಎರಡು. ಇಪ್ಪತ್ತೈದು. ಇದಾದ ಮೇಲೆ ಬೋರ್ಡಿನ ಮೇಲೆ 5ನ್ನು ಹೊಡೆದು 4 ಮಾಡಿದರೆ ಅದು ಮಂತ್ರ ಅನ್ನಿಸೋದಿಲ್ಲ, ಕಟ್ಟು ಬಿಚ್ಚಿದ್ದು ಅಂತ ಮಗುವಿಗೇ ಗೊತ್ತಿರುತ್ತದೆ.

ಓದಿನಲ್ಲೂ ಇದೇ ಕಥೆ. ಇಡೀ ತರಗತಿ ಒಟ್ಟಿಗೆ ಓದುವಾಗ ಕೇಳೋಕೆ ಬಹಳ ಚೆಂದ. ಆಗ ಮಕ್ಕಳ ಬಾಯಿ ನೋಡಬೇಡಿ, ಬೆರಳು ನೋಡಿ. ಬಾಯಿ ನಾಲ್ಕನೇ ಸಾಲಿನಲ್ಲಿರುತ್ತದೆ, ಬೆರಳು ಎರಡನೇ ಸಾಲಿನಲ್ಲಿ. ಕೇಳಿ ಕೇಳಿ ಪಾಠ ಬಾಯಿಪಾಠ ಆಗಿದೆ ಅಷ್ಟೇ. ಯಾರಿಗೆ ನಿಜವಾಗಿ ಓದೋಕೆ ಬರುತ್ತದೆ ಅಂತ ತಿಳೀಬೇಕಾದರೆ ಕಡೇ ಸಾಲಿನಿಂದ ಮೇಲಕ್ಕೆ ಓದಿಸಿ. ಇಲ್ಲವೇ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅನ್ನಿ. ಬಿಸಿಯೂಟದ ಸಾಲಿನಲ್ಲಿ ನಿಂತಾಗಲೂ ಗೋಡೆಯ ಮೇಲಿನ ಬರಹ ತೋರಿಸಿ ಕೇಳಬಹುದು. ಒತ್ತಕ್ಷರ ಬಂದಲ್ಲೆಲ್ಲಾ ಮಗು ನಿಲ್ಲುತ್ತಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ. ಮರುದಿನದ ಪಾಠ ಅದೇ.

ಪ್ರಶ್ನೆ ಕೇಳುವ ರೀತಿಯ ಬಗ್ಗೆ ಒಂದಿಷ್ಟು. ಹೊಸಬರು ಪ್ರಶ್ನೆ ಕೇಳಿ ಉಸಿರು ಬಿಡುವುದರೊಳಗೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಇಟ್ಟುಕೊಂಡು ಇದನ್ನೇ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡ್ ಇಲ್ಲವೇ ಅದಕ್ಕಿಂತ ಜಾಸ್ತಿ ಕಾದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಅನ್ನೋದು ಕಡಿಮೆಯಾಯಿತು, ಹಿಂದುಳಿದವರು ಅಂತ ಹಣೆಪಟ್ಟಿ ಹಚ್ಚಿದ್ದ ಮಕ್ಕಳೂ ಬಾಯಿ ಬಿಟ್ಟರು. ಮೂರು ಸೆಕೆಂಡ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಬೋರ್ಡಿನ ಮುಂದೆ ನಿಂತು ಕಾದು ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ನಾನು ತರಬೇತಿಯವರಿಗೆ ಹೇಳೋದು: ಪ್ರಶ್ನೆ ಕೇಳಿ, ಬೋರ್ಡ್ ಒರೆಸೋಕೆ ತಿರುಗಿ, ಒರೆಸಿ ಮತ್ತೆ ಈ ಕಡೆ ತಿರುಗಿ. ಅಷ್ಟು ಸಾಕು.

ಹೆಸರು ಯಾವಾಗಲೂ ಪ್ರಶ್ನೆಯ ಆಮೇಲೆ ಬರಬೇಕು. "ರೇಣುಕಾ, ಭೀಮಾ ನದಿ ಎಲ್ಲಿ ಹುಟ್ಟುತ್ತದೆ?" ಅಂದ ತಕ್ಷಣ ರೇಣುಕಾಳನ್ನು ಬಿಟ್ಟು ಉಳಿದವರೆಲ್ಲಾ ಆರಾಮ. ಮೊದಲು ಪ್ರಶ್ನೆ, ಆಮೇಲೆ ಕಾಯುವುದು, ಆಮೇಲೆ ಹೆಸರು. ಮುಂದಿನ ಬೆಂಚಿನ ಕೈಗಳಿಗೇ ಗಮನ ಹೋಗುತ್ತಿದ್ದರೆ ಒಂದು ಡಬ್ಬಿಯಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿಡಿ. ಎತ್ತಿದ ಚೀಟಿಯನ್ನು ಮರಳಿ ಡಬ್ಬಿಗೇ ಹಾಕಿ. ಹೊರಗಿಟ್ಟರೆ "ನಂದು ಮುಗೀತು" ಅಂತ ಆ ಮಗು ಕಿಟಕಿ ಆಚೆ ನೋಡೋಕೆ ಶುರು ಮಾಡುತ್ತದೆ.

ಇನ್ನು ಭಾಷೆ. ನಿಮ್ಮ ಕಾಲೇಜುಗಳಲ್ಲಿ ಇದರ ಬಗ್ಗೆ ಒಂದು ಅಧ್ಯಾಯ ಇದೆ, ಓದಿಸುತ್ತೀರಿ. ಆದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಅದು ಒಂದು ಅಧ್ಯಾಯದ ವಿಷಯ ಅಲ್ಲ, ದಿನಾ ಬೆಳಿಗ್ಗೆ ಹಾಜರಿ ಕೂಗುವಾಗಿನ ವಿಷಯ. ಚಿಂಚೋಳಿ, ಸೇಡಂ, ಗುರುಮಠಕಲ್ ಕಡೆ ಮನೆಯಲ್ಲಿ ತೆಲುಗು. ಔರಾದ್, ಬಸವಕಲ್ಯಾಣ, ಆಳಂದ ಕಡೆ ಮರಾಠಿ. ಪಟ್ಟಣಗಳಲ್ಲಿ ಓಣಿಗಟ್ಟಲೆ ಉರ್ದು. ತಾಂಡಾಗಳಲ್ಲಿ ಲಂಬಾಣಿ. ಒಂದೇ ತರಗತಿಯಲ್ಲಿ ಇವುಗಳಲ್ಲಿ ಮೂರು ಇದ್ದರೂ ಆಶ್ಚರ್ಯ ಇಲ್ಲ. ತಾಂಡಾದಿಂದ ಬಂದ ಮಗು ಒಂದನೇ ತರಗತಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತರೆ ಹೊಸ ಮಾಸ್ತರರು "ಮಂದ" ಅಂತ ಬರೆದುಬಿಡುತ್ತಾರೆ. ಆ ಮಗು ಅಂಗಳದಲ್ಲಿ ತನ್ನ ಗೆಳತಿಯರ ಜೊತೆ ಹೇಗೆ ಮಾತಾಡುತ್ತದೆ ಅಂತ ಒಮ್ಮೆ ಕೇಳಿಸಿಕೊಳ್ಳಿ, ಬಾಯಿ ಮುಚ್ಚಿಸೋದು ಕಷ್ಟ!

ಲಂಬಾಣಿ ಕಲಿತುಕೊಂಡೇ ಬರಬೇಕು ಅಂತ ನಾನು ಹೇಳ್ತಿಲ್ಲ. ಎರಡು ಕೆಲಸ ಸಾಕು. ಒಂದು, ಮೂರು ನಾಲ್ಕನೇ ತರಗತಿಯಲ್ಲಿ ಅದೇ ತಾಂಡಾದ ಒಬ್ಬ ಹುಡುಗಿ ಇರುತ್ತಾಳೆ, ಎರಡೂ ಭಾಷೆ ಬರುತ್ತದೆ. ಅವಳನ್ನು ಕಥೆ ಹೇಳುವ ಹೊತ್ತಿಗೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎರಡು, ಮಗು ತನ್ನ ಭಾಷೆಯಲ್ಲಿ ಉತ್ತರ ಹೇಳಿದರೆ ಉತ್ತರ ಅಂತಲೇ ತಗೊಳ್ಳಿ. "ಕನ್ನಡದಾಗ ಹೇಳು" ಅಂತ ಮೊದಲೇ ತಡೆದರೆ ಅದು ಎರಡನ್ನೂ ನಿಲ್ಲಿಸುತ್ತದೆ, ಭಾಷೆಯನ್ನೂ ಯೋಚನೆಯನ್ನೂ.

ಕನ್ನಡದ ಮನೆಯ ಮಕ್ಕಳಿಗೂ ಪುಸ್ತಕದ ಕನ್ನಡ ಪರಕೀಯವೇ, ಅಲ್ವಾ? "ನಮ್ಮವ್ವ ಹೊಲಕ್ಕ ಹೋಗ್ಯಾಳ" ಅಂತ ಮಗು ಬರೆಯುತ್ತದೆ. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಹೊಸ ಶಿಕ್ಷಕರಿಗೆ ಇದು ತಪ್ಪು ಅನ್ನಿಸುತ್ತದೆ. ನಮ್ಮೂರಿನವರೇ ಆದ ಹೊಸ ಶಿಕ್ಷಕರಿಗೆ ಇನ್ನೂ ದೊಡ್ಡ ತಪ್ಪು ಅನ್ನಿಸುತ್ತದೆ, ಯಾಕೋ ಗೊತ್ತಿಲ್ಲ! ಮೊದಲು ಮಗು ಒಂದು ಇಡೀ ವಾಕ್ಯವನ್ನು ತಾನೇ ಕಟ್ಟಿದ್ದಕ್ಕೆ ಖುಷಿ ಪಡಿ. ಕೆಳಗೆ ಪುಸ್ತಕದ ರೀತಿಯಲ್ಲಿ "ಹೋಗಿದ್ದಾಳೆ" ಅಂತ ಬರೆದು ಎರಡನ್ನೂ ಓದಿಸಿ. ಕೆಂಪು ಗೀಟು ಬೇಡ.

ಬರೆಸೋಕೆ ವಿಷಯಕ್ಕೇನು ಬರ? ಎಳ್ಳ ಅಮಾವಾಸ್ಯೆಯ ಮರುದಿನ ಪಠ್ಯಪುಸ್ತಕ ಬದಿಗಿಡಿ. ಯಾರ ಹೊಲಕ್ಕೆ ಹೋಗಿದ್ದೆ, ಭಜ್ಜಿಗೆ ಏನೇನು ಹಾಕಿದ್ದರು, ಸಜ್ಜೆ ರೊಟ್ಟಿ ಎಷ್ಟು ತಿಂದೆ, ಹೊಲದಲ್ಲಿ ಚರಗ (ನೈವೇದ್ಯ) ಚೆಲ್ಲುವಾಗ ಏನು ಕೂಗಿದರು. ಮೊದಲು ಮಾತಾಡಲಿ. ಅವರು ಹೇಳಿದ ವಾಕ್ಯಗಳನ್ನು ಅವರ ಹೆಸರಿನ ಜೊತೆ ಬೋರ್ಡಿನ ಮೇಲೆ ಬರೆಯಿರಿ. ತನ್ನ ಹೆಸರಿನ ಮುಂದಿರುವ ವಾಕ್ಯವನ್ನು ಓದದೇ ಇರುವ ಮಗುವನ್ನು ನಾನಂತೂ ನೋಡಿಲ್ಲ. ಆಮೇಲೆ ನೋಟ್‌ಬುಕ್ಕಿಗೆ. "ನನ್ನ ಪ್ರೀತಿಯ ಹಬ್ಬ" ಅನ್ನುವ ಗೈಡಿನ ಪ್ರಬಂಧವನ್ನು ಕಾಪಿ ಹೊಡೆಸುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಈಗ ನೀವು ತರಬೇತಿಯಲ್ಲಿ ಮುಟ್ಟದೇ ಬಿಡುವ ಇನ್ನೊಂದು ವಿಷಯ. ಒಂದು ಕೋಣೆ, ಎರಡು ತರಗತಿ, ಒಬ್ಬರೇ ಶಿಕ್ಷಕರು. ಕೆಳಗಿನ ತರಗತಿಗಳಿಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಕಾರ್ಡು, ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಲಿಕಾ ಏಣಿ, ಮೈಲಿಗಲ್ಲು, ಗುಂಪು. ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿರುತ್ತಾರೆ ಅಂತ ಒಪ್ಪಿಕೊಂಡೇ ಮಾಡಿದ ಪದ್ಧತಿ ಅದು. ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಹೋಯಿತು, ಎಲ್ಲರಿಗೂ ಒಂದೇ ಪುಟ. ನಾಲ್ಕು, ಐದು ಎರಡನ್ನೂ ಒಟ್ಟಿಗೆ ಹಿಡಿದ ಹೊಸ ಶಿಕ್ಷಕರು ಮೊದಲ ವಾರದಲ್ಲೇ ಸುಸ್ತಾಗುತ್ತಾರೆ. ನಾಲ್ಕನೆಯವರಿಗೆ ಪಾಠ ಹೇಳುವಾಗ ಐದನೆಯವರು ಜಗಳ, ಐದನೆಯವರ ಕಡೆ ತಿರುಗಿದರೆ ಇವರು ಜಗಳ.

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಎರಡೂ ತರಗತಿಗೆ ಒಂದೇ ಹೊತ್ತಿನಲ್ಲಿ ಒಂದೇ ವಿಷಯ ಇಡಿ, ಗಣಿತ ಅಂದರೆ ಇಬ್ಬರಿಗೂ ಗಣಿತ. ಮೊದಲ ಹತ್ತು ನಿಮಿಷ ಇಬ್ಬರೂ ಸೇರಿ ಬಾಯಿಲೆಕ್ಕ. ಆಮೇಲೆ ಒಂಟಿಯಾಗಿ ಕೆಲಸ ಮಾಡಬೇಕಾದ ತರಗತಿಗೆ ಮೊದಲು ಕೆಲಸ ಕೊಡಿ, ಶುರು ಮಾಡಿದ್ದಾರಾ ಅಂತ ಒಂದು ಸುತ್ತು ನೋಡಿ, ಆಮೇಲೆ ಇನ್ನೊಂದು ತರಗತಿಯ ಕಡೆ ಹೋಗಿ. ಹೊಸಬರು ಇದನ್ನೇ ಉಲ್ಟಾ ಮಾಡುತ್ತಾರೆ. ಕೊಡುವ ಕೆಲಸ ಮಗು ತಾನೇ ಪರೀಕ್ಷಿಸಿಕೊಳ್ಳುವಂತಿರಲಿ, ಚೀಟಿಯ ಮುಂದೆ ಲೆಕ್ಕ, ಹಿಂದೆ ಉತ್ತರ. ಮುಗಿಸಿದವರು ಮುಂದೇನು ಮಾಡಬೇಕು ಅನ್ನೋದನ್ನು ಶುರುವಿನಲ್ಲೇ ಹೇಳಿಬಿಡಿ. ಗಲಾಟೆ ಮಾಡುವವರು ಯಾವಾಗಲೂ ಮೊದಲು ಮುಗಿಸಿದವರು! ಜೋಡಿ ಮಾಡುವಾಗ ಎಲ್ಲರಿಗಿಂತ ಮುಂದಿರುವವನನ್ನು ಎಲ್ಲರಿಗಿಂತ ಹಿಂದಿರುವವನ ಪಕ್ಕ ಕೂರಿಸಬೇಡಿ. ಅವನು ಉತ್ತರ ಹೇಳಿಬಿಡುತ್ತಾನೆ, ಇವನು ಬರೆದುಕೊಳ್ಳುತ್ತಾನೆ. ಒಂದು ಹೆಜ್ಜೆ ಮುಂದಿರುವವರು ಸಾಕು. ಮಾನಿಟರ್ ಕೈಗೆ ಬೆತ್ತ ಮಾತ್ರ ಕೊಡಬೇಡಿ, ನಮಗಿಂತ ಜೋರಾಗುತ್ತಾರೆ.

ಬೆತ್ತದ ಮಾತು ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ಮಕ್ಕಳನ್ನು ಹೊಡೆಯೋ ಹಾಗೂ ಇಲ್ಲ, ಮನಸ್ಸಿಗೆ ನೋವಾಗುವಂತೆ ಹಿಂಸಿಸೋ ಹಾಗೂ ಇಲ್ಲ. ಇದರಲ್ಲಿ ಚರ್ಚೆ ಮಾಡೋಕೆ ಏನೂ ಉಳಿದಿಲ್ಲ. ಪಾಲಕರೇ ಬಂದು "ಎರಡು ಬಿಗೀರಿ ಸರ್, ನಾವೇನೂ ಕೇಳಂಗಿಲ್ಲ" ಅಂತಾರೆ. ನಕ್ಕು ಕಳಿಸಿ. ಬೆತ್ತ ಬೇಕಾಗೋದು ಮಕ್ಕಳಿಗೆ ಮಾಡೋಕೆ ಕೆಲಸ ಇಲ್ಲದ ನಿಮಿಷಗಳಲ್ಲಿ, ಮಾಸ್ತರರು ಬೋರ್ಡಿನ ಕಡೆ ಮುಖ ಮಾಡಿ ಉದ್ದುದ್ದ ಬರೆಯುವಾಗ, ಪುಸ್ತಕ ಹಂಚುವಾಗ, ಹಾಜರಿ ತುಂಬುವಾಗ. ಆ ನಿಮಿಷಗಳಿಗೆ ಬೋರ್ಡಿನ ಮೂಲೆಯಲ್ಲಿ ಮೊದಲೇ ಒಂದು ಲೆಕ್ಕ ಬರೆದಿಟ್ಟಿರಿ.

ಗುಳೆಯ ಬಗ್ಗೆಯೂ ಹೇಳದೇ ಇರೋಕಾಗಲ್ಲ. ಸುಗ್ಗಿ ಮುಗಿದರೆ, ಮಳೆ ಕೈಕೊಟ್ಟ ವರ್ಷ ಅದಕ್ಕಿಂತ ಮೊದಲೇ, ತಾಂಡಾಗಳಿಂದ, ಊರುಗಳಿಂದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೊರಡುತ್ತಾರೆ. ಕಬ್ಬು ಕಡಿಯೋಕೆ ಹೋಗುವವರು ಬೇರೆ. ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳು ಶಾಲೆಗೆ ಬರುತ್ತಾರೆ, ಜೊತೆಗೆ ಹೋದವರು ತಿಂಗಳುಗಟ್ಟಲೆ ಇಲ್ಲ. ಮರಳಿ ಬಂದಾಗ ಅವರನ್ನು ಎಲ್ಲಿ ಕೂರಿಸುತ್ತೀರಿ? ಹೊಸಬರು ಇಡೀ ತರಗತಿ ಇರುವ ಪುಟದಲ್ಲೇ ಕೂರಿಸುತ್ತಾರೆ. ಒಂದು ಸಾದಾ ನೋಟ್‌ಬುಕ್ಕಿನಲ್ಲಿ ಮಗುವಿಗೊಂದು ಪುಟ ಇಟ್ಟು, ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಂತಿದೆ ಅಂತ ಎರಡು ಸಾಲು ಬರೆದಿಟ್ಟಿದ್ದರೆ ಮರಳಿದ ದಿನ ಅಲ್ಲಿಂದಲೇ ಶುರು ಮಾಡಬಹುದು. ಮುಂದಿನ ವರ್ಷ ಆ ತರಗತಿಗೆ ಬರುವ ಅತಿಥಿ ಶಿಕ್ಷಕರಿಗೂ ಆ ಪುಟ ಕೈಗೆ ಸಿಗುತ್ತದೆ. ಅಂಕಪಟ್ಟಿಯಲ್ಲಿ ಇದು ಸಿಗೋದಿಲ್ಲ.

ಪ್ರಾಚಾರ್ಯರೇ, ಈಗ ನಿಮ್ಮನ್ನು ಕೇಳಿಕೊಳ್ಳುವ ವಿಷಯಕ್ಕೆ ಬರ್ತೀನಿ.

ಮೈಕ್ರೋ ಟೀಚಿಂಗ್, ಅಂದರೆ ಕೆಲವೇ ನಿಮಿಷಗಳ ಕಿರು ಪಾಠದ ಅಭ್ಯಾಸ, ಮಾಡಿಸುತ್ತೀರಿ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ನಮ್ಮಲ್ಲಿ ಅದರ ಒಂದು ಸುತ್ತು 36 ನಿಮಿಷ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು, ಮತ್ತೆ ಆರು. ಒಳ್ಳೆಯ ಪದ್ಧತಿಯೇ. ಆದರೆ ಎದುರಿಗೆ ಕೂತು "ಮಕ್ಕಳಾಗಿ" ನಟಿಸುವವರು ಸಹಪಾಠಿಗಳು, ಎಲ್ಲರೂ ಓದಿದ ದೊಡ್ಡವರು. ಅವರು ಯಾರೂ 1003 ಬರೆಯೋದಿಲ್ಲ. ಹತ್ತಿರದ ಶಾಲೆಯ ನಾಲ್ಕು ಮಕ್ಕಳನ್ನು ಮುಂದೆ ಕೂರಿಸಿಕೊಂಡು ಅದೇ ಆರು ನಿಮಿಷ ಮಾಡಿಸಿ. ಆರೂ ನಿಮಿಷ ವಿವರಣೆ ಬೇಡ, ಒಂದೇ ಒಂದು ಪ್ರಶ್ನೆ ಕೊಟ್ಟು, ಮಕ್ಕಳು ಹೇಗೆ ಯೋಚಿಸಿದರು ಅಂತ ಪತ್ತೆ ಮಾಡಿಕೊಂಡು ಬರಲಿ.

ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ನಿಯಮಗಳು ಬಂದ ಮೇಲೆ ಬಿ.ಇಡಿ. ಎರಡು ವರ್ಷವಾಯಿತು, ಅದರಲ್ಲಿ 20 ವಾರ ಶಾಲೆಯ ಒಡನಾಟಕ್ಕೆ ಅಂತ ಇಟ್ಟರು. 20 ವಾರ ಕಡಿಮೆ ಹೊತ್ತೇನಲ್ಲ. ಅದರಲ್ಲಿ ಎಷ್ಟು ಹೊತ್ತು ಫೈಲಿಗೆ ಹೋಗುತ್ತದೆ ಅಂತ ನಿಮ್ಮ ಹುಡುಗರನ್ನೇ ಕೇಳಿ. ಸ್ಟಾಫ್ ರೂಮಿನಲ್ಲಿ ಕೂತು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಅಂಚು ಬರೆಯುತ್ತಿರುತ್ತಾರೆ, ಪಕ್ಕದ ಕೋಣೆಯಲ್ಲಿ ಮಕ್ಕಳು ಶಿಕ್ಷಕರಿಲ್ಲದೇ ಕೂತಿರುತ್ತಾರೆ. ಪಾಠ ಯೋಜನೆಗಳ ಸಂಖ್ಯೆ ಅರ್ಧಕ್ಕೆ ಇಳಿಸಿ. ಉಳಿದ ಹೊತ್ತಿನಲ್ಲಿ ಒಬ್ಬೊಬ್ಬರಿಗೂ ಇಬ್ಬರು ಮಕ್ಕಳನ್ನು ಕೊಡಿ, ಓದು ಬರಹ ಹಿಂದೆ ಬಿದ್ದ ಇಬ್ಬರು. ಬಂದಾಗ ಅವರು ಎಲ್ಲಿದ್ದರು, ಹೋಗುವಾಗ ಎಲ್ಲಿದ್ದಾರೆ, ನಡುವೆ ಏನೇನು ಮಾಡಿದರು ಅಂತ ದಿನಾ ನಾಲ್ಕು ಸಾಲು ಬರೆಯಲಿ. ಅಂಕ ಅದಕ್ಕೆ ಕೊಡಿ. ಕೈಬರಹ ಕೆಟ್ಟದಿದ್ದರೂ ಪರವಾಗಿಲ್ಲ.

ಪಾಠ ನೋಡೋಕೆ ಬರುವ ಉಪನ್ಯಾಸಕರಿಗೂ ಒಂದು ಕೋರಿಕೆ. ನೀವು ಕೋಣೆಯೊಳಗೆ ಕಾಲಿಟ್ಟಾಗ ಹಿಂದಿನ ಬೆಂಚಿನಲ್ಲಿ ಕೂತು ಶಿಕ್ಷಕರನ್ನು ನೋಡಬೇಡಿ. ಪಾಠ ಮುಗಿದ ಮೇಲೆ ಮೂರು ಮಕ್ಕಳ ಪಕ್ಕ ಕೂತು ಅವರ ನೋಟ್‌ಬುಕ್ ನೋಡಿ, "ಹ್ಯಾಂಗ ಮಾಡಿದಿ?" ಅಂತ ಕೇಳಿ. ನಿಮ್ಮ ವಿದ್ಯಾರ್ಥಿ ಎಷ್ಟು ಕಲಿಸಿದ ಅಂತ ಅಲ್ಲೇ ಗೊತ್ತಾಗುತ್ತದೆ, ಚಾರ್ಟಿನಲ್ಲಿ ಅಲ್ಲ. ಮಾದರಿ ಪಾಠ ತೋರಿಸುವ ಬದಲು ಹಳೆಯ ಶಿಕ್ಷಕರ ಸಾದಾ ದಿನವೊಂದನ್ನು ತೋರಿಸಿ, ಗುರುವಾರ ಮಧ್ಯಾಹ್ನ ಮೂರು ಗಂಟೆಯ ತರಗತಿ. ತಗಡಿನ ಕೋಣೆ ಕಾದಿರುತ್ತದೆ, ಅರ್ಧ ಮಕ್ಕಳು ತೂಕಡಿಸುತ್ತಿರುತ್ತಾರೆ. ಆಗ ಆ ಅಕ್ಕೋರು ಏನು ಮಾಡುತ್ತಾರೆ ಅಂತ ನೋಡಲಿ.

ಹೊಸದಾಗಿ ಬರುವವರಿಗೆ, ನಿಮ್ಮ ಜೊತೆಗೂ ಎರಡು ಮಾತು. ಮೊದಲ ವಾರ ಪುಸ್ತಕ ತೆರೆಯದಿದ್ದರೂ ಅಡ್ಡಿಯಿಲ್ಲ, ಎಲ್ಲರ ಹೆಸರು ಕಲೀರಿ, ತಾಂಡಾಕ್ಕೆ, ಓಣಿಗೆ ಒಂದು ಸುತ್ತು ಹೋಗಿಬನ್ನಿ. ಬೋರ್ಡಿನ ಮೇಲೆ ಬರೆದ ಮೇಲೆ ಹಿಂದಿನ ಮೂಲೆಗೆ ಹೋಗಿ ನಿಂತು ನೀವೇ ಓದಿ ನೋಡಿ, ಕಿಟಕಿಯ ಬೆಳಕಿಗೆ ಅರ್ಧ ಬೋರ್ಡು ಕಾಣದೇ ಇರಬಹುದು. ಒಂದೇ ಕಡೆ ನಿಲ್ಲಬೇಡಿ. ನೀವು ನಿಲ್ಲುವ ಕಡೆಯ ಮಕ್ಕಳು ಮಾತ್ರ ಕಲಿಯುತ್ತಾರೆ. ಹಳೆಯ ಶಿಕ್ಷಕರು "ಇದೆಲ್ಲಾ ನಾವೂ ಮಾಡಿದೀವಿ ಬಿಡ್ರಿ" ಅಂದರೆ, ಹೇಗೆ ಮಾಡಿದ್ದಿರಿ ಅಂತ ಕೇಳಿ. ಅವರ ಹತ್ತಿರ ನಿಜಕ್ಕೂ ಬಹಳ ಇದೆ, ಕೇಳುವವರಿಲ್ಲ ಅಷ್ಟೇ.

ಕಡೆಯದಾಗಿ ಒಂದು ಸಣ್ಣ ಮನವಿ. ಈ ಸಲ ಯಾವ ಶಾಲೆಗೆ ಯಾರು ಅಂತ ತರಬೇತಿಯ ಪಟ್ಟಿ ಹಾಕುವಾಗ ಊರಿನ ಹೆಸರು ಮಾತ್ರ ನೋಡಬೇಡಿ. ನಿಮ್ಮಲ್ಲಿ ಲಂಬಾಣಿ, ತೆಲುಗು, ಉರ್ದು, ಮರಾಠಿ ಬರುವ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಆ ಮಕ್ಕಳಿರುವ ಶಾಲೆಗೇ ಅವರನ್ನು ಹಾಕಿ. ನಮ್ಮ ಶಾಲೆಗೆ ಲಂಬಾಣಿ ಬರುವವರು ಒಬ್ಬರಾದರೂ ಬೇಕು. ಒಂದು ಮತ್ತು ಎರಡನೇ ತರಗತಿಗೆ ಜೂನ್‌ನಿಂದಲೇ ಕೆಲಸ ಇದೆ.

ಇಂತಿ,
ಚಿಂಚೋಳಿ ತಾಲ್ಲೂಕಿನ ಒಬ್ಬ ಅಕ್ಕೋರು